ನೂಲಿದಳೋ, ನೂತಳೋ?

ತಗಡೂರು ಎಂದೊಡನೆ ನಮ್ಮ ಸೀಮೆಯ ಹಿರಿಯರಿಗೆ ನೆನಪಾಗುವುದು ಖಾದಿ. ಗಾಂಧಿವಾದಿ ತಗಡೂರು ರಾಮಚಂದ್ರರಾಯರ ಊರಿದು. ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿಯವರೇ ಬಂದಿದ್ದರು. ಇಂತಹ ನೆಲದಲ್ಲಿ ಕನ್ನಡ ಪಾಠ ಹೇಳಿದ ನಾನು ‘ನೂಲು’ ಎಂಬ ಕ್ರಿಯಾಪದದಲ್ಲಿಯೇ ಎಡವಿದೆನೆಂಬುದನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

ಸೇವೆಗೆ ಸೇರಿದ ಹೊಸತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ನಮ್ಮಜ್ಜಿ ಸಂಜೆಯವರೆಗೆ ನೂತಳು’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ನೂಲಿದಳು’ ಎಂದು ತಿದ್ದಿ ಅರ್ಧ ಅಂಕ ಕಳೆದೆ. “ನಮ್ಮಜ್ಜಿ ಹಂಗೇ ಅಂತಾರೆ ಸಾರ್” ಎಂದಳು. “ಮನೆಯ ಮಾತು ಬೇರೆ, ಬರಹದ ಮಾತು ಬೇರೆ” ಎಂದು ಕೂರಿಸಿಬಿಟ್ಟೆ.

ಎಷ್ಟೋ ವರ್ಷಗಳ ಬಳಿಕ, 1894ರಲ್ಲಿ ಮೊದಲು ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ‘ನೂಲ್’ ಧಾತು ಕಣ್ಣಿಗೆ ಬಿತ್ತು. ಅದರ ಭೂತರೂಪ ‘ನೂತು’. ಅಜ್ಜಿಯದೇ ಸರಿ! ಕಿಟ್ಟೆಲರವರೆಗೆ ಹೋಗುವ ಅಗತ್ಯವೂ ಇರಲಿಲ್ಲ. ಸೋಲು–ಸೋತಳು, ಜೋಲು–ಜೋತಳು, ಹಾಗೆಯೇ ನೂಲು–ನೂತಳು. ‘ಸೋಲಿದಳು’ ಎಂದು ನಾವು ಬರೆಯುವೆವೇ? ಸೋಲು ದಿನನಿತ್ಯದ್ದು, ಆದ್ದರಿಂದ ಅದರ ರೂಪ ಉಳಿಯಿತು. ರಾಟೆ ಅಟ್ಟ ಸೇರಿದಂತೆ ‘ನೂತಳು’ ನನ್ನಂಥವರ ಕಿವಿಗೆ ಅಪರಿಚಿತವಾಯಿತು.

ನೂಲು ನಮ್ಮಲ್ಲಿ ಕ್ರಿಯೆಯೂ ಹೌದು, ಆ ಕ್ರಿಯೆಯಿಂದ ಹುಟ್ಟುವ ಎಳೆಯೂ ಹೌದು. ಜನಿವಾರ ಬದಲಿಸುವ ಶ್ರಾವಣದ ಹುಣ್ಣಿಮೆ ನೂಲುಹುಣ್ಣಿಮೆಯಾದದ್ದು ಹೀಗೆ. ತಮಿಳಿನಲ್ಲಿ ಇದೇ ‘ನೂಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಾಸ್ತ್ರ, ಪುಸ್ತಕ ಎಂಬ ಅರ್ಥ ಪಡೆಯಿತು. ಗ್ರಂಥಾಲಯಕ್ಕೆ ಅವರು ‘ನೂಲಗಂ’ ಎನ್ನುತ್ತಾರೆ. ಸಂಸ್ಕೃತದ ‘ಸೂತ್ರ’ ದಾರವೂ ಹೌದು, ಪಾಣಿನಿಯ ವಾಕ್ಯವೂ ಹೌದು. ‘ಗ್ರಂಥ’ದ ಮೂಲದಲ್ಲಿರುವುದು ಪೋಣಿಸಿ ಕಟ್ಟುವ ಕ್ರಿಯೆ. ದೂರದ ಲ್ಯಾಟಿನ್ನಿನಲ್ಲಿ ‘ಟೆಕ್ಸೆರೆ’ ಎಂದರೆ ನೇಯುವುದು. ನೇಯ್ದದ್ದು ‘ಟೆಕ್ಸ್ಟಸ್’. ಜವಳಿಯ ‘ಟೆಕ್ಸ್‌ಟೈಲ್’ ಮತ್ತು ನಾವು ಕಂಕುಳಲ್ಲಿ ಇರುಕಿಕೊಂಡು ತರಗತಿಗೆ ಹೋಗುತ್ತಿದ್ದ ‘ಟೆಕ್ಸ್ಟ್ ಬುಕ್’ ಒಂದೇ ಮಗ್ಗದ ಮಕ್ಕಳು. ಬಡಗಿಯನ್ನು ಹೇಳುವ ಸಂಸ್ಕೃತದ ‘ತಕ್ಷಕ’ವೂ ಇವುಗಳ ದೂರದ ದಾಯಾದಿ.

ಕನ್ನಡದ ನೂಲು ಮಾತ್ರ ಪುಸ್ತಕವಾಗಲಿಲ್ಲ, ಕದಿರನ್ನು ಬಿಟ್ಟು ಕದಲಲಿಲ್ಲ. ಇದನ್ನು ಕೊರತೆಯೆನ್ನಲು ನನಗೆ ಮನಸ್ಸಿಲ್ಲ. 12ನೆಯ ಶತಮಾನದಲ್ಲಿ ನೂಲುವ ಕಾಯಕದ ಕದಿರೆ ರೆಮ್ಮವ್ವೆ ತನ್ನ ರಾಟೆಯನ್ನೇ ವಚನಕ್ಕೆ ತಂದಳಲ್ಲ! ಆಕೆಯ ಬರಹವನ್ನು ನಾನು ತಿದ್ದುವ ಪ್ರಸಂಗ ಬರಲಿಲ್ಲವೆಂಬುದೇ ಸಮಾಧಾನ.

ಆ ಹುಡುಗಿ ಈಗ ತಾನೇ ಅಜ್ಜಿಯಾಗಿರಬಹುದು. ಇದನ್ನು ಓದುವ ಆಕೆಯ ಸಹಪಾಠಿಗಳು ಯಾರಾದರೂ ಇದ್ದರೆ, ಮೇಷ್ಟ್ರು ಅರ್ಧ ಅಂಕ ಬಾಕಿ ಉಳಿಸಿಕೊಂಡಿದ್ದಾರೆಂದು ದಯವಿಟ್ಟು ತಿಳಿಸಿರಿ.