ಎದೆಯ ಮೇಲಿನ ಗುರುತು

ನ್ಯಾಯಾಲಯದ ದಫೇದಾರನ ಹಿತ್ತಾಳೆಯ ಬಿಲ್ಲೆಯಾಗಲಿ, ಭಕ್ತರ ಕೊರಳಿನಲ್ಲಿರುವ ಮಾತೆ ಮರಿಯಮ್ಮನವರ ಪದಕವಾಗಲಿ, ಉತ್ಸವದ ಸ್ವಯಂಸೇವಕರ ಬಣ್ಣದ ರಿಬ್ಬನ್ನಾಗಲಿ, ಧರಿಸಿದವರು ಬಾಯಿ ತೆರೆಯುವ ಮುನ್ನವೇ ಅವರು ಯಾರೆಂಬುದನ್ನು ಸಾರುತ್ತದೆ. ಆದರೆ ತಾನೇ ಒಲಿದು ಧರಿಸಿದ ಗುರುತಿಗೂ ಪರರು ಬಲವಂತದಿಂದ ಹೊರಿಸಿದ ಗುರುತಿಗೂ ಅಜಗಜಾಂತರವಿದೆ. ಧರ್ಮಸಭೆಯ ಚರಿತ್ರೆ ಇವೆರಡನ್ನೂ ಕಂಡಿದೆ.

ಸ್ಪೇನ್ ದೇಶದ ಸಂತ್ಯಾಗೊ ದೆ ಕಾಂಪೊಸ್ತೆಲಾ, ಪ್ರೇಷಿತ ಸಂತ ಯಕೋಬರ ಸಮಾಧಿಯಿದೆಯೆಂಬ ನಂಬಿಕೆಯಿಂದ ಪ್ರಸಿದ್ಧವಾದ ಪುಣ್ಯಕ್ಷೇತ್ರ. 12ನೆಯ ಶತಮಾನದ ವೇಳೆಗೆ ಅಲ್ಲಿಗೆ ನಡೆದುಹೋದ ಯಾತ್ರಿಕರು ಕಡಲ ಚಿಪ್ಪೊಂದನ್ನು ಗುರುತಾಗಿ ಧರಿಸಿ ಹಿಂದಿರುಗುವುದು ರೂಢಿಯಾಗಿತ್ತು. ಕೆಲವರು ಅದನ್ನು ಎಷ್ಟು ಅಮೂಲ್ಯವೆಂದು ಭಾವಿಸಿದ್ದರೆಂದರೆ, ಯೂರೋಪಿನ ಹಲವು ಹಳೆಯ ಸಮಾಧಿಗಳಲ್ಲಿ ಅಸ್ಥಿಗಳೊಡನೆ ಆ ಚಿಪ್ಪುಗಳೂ ದೊರೆತಿವೆ. 1170ರಲ್ಲಿ ಹತರಾದ ಸಂತ ಥಾಮಸ್ ಬೆಕೆಟರ ಕ್ಯಾಂಟರ್ಬರಿಯಲ್ಲಿ ತವರ ಮತ್ತು ಸೀಸದಿಂದ ಎರಕ ಹೊಯ್ದ ಅಗ್ಗದ ಬಿಲ್ಲೆಗಳು ಬಡಯಾತ್ರಿಕರಿಗೂ ಎಟುಕುತ್ತಿದ್ದವು. ರೋಮಿನಲ್ಲಿ ಸಂತ ಪೇತ್ರ ಮತ್ತು ಸಂತ ಪೌಲರ ರೂಪವಿದ್ದ ಬಿಲ್ಲೆಗಳನ್ನು ತಯಾರಿಸುವ ಹಕ್ಕನ್ನು 1199ರಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟರು ಸಂತ ಪೇತ್ರರ ಮಹಾದೇವಾಲಯದ ಗುರುಮಂಡಲಿಗೆ ವಹಿಸಿದರು.

ಇದೇ ಜಗದ್ಗುರುಗಳು 1215ರಲ್ಲಿ ನಾಲ್ಕನೆಯ ಲ್ಯಾಟರನ್ ಮಹಾಸಭೆಯನ್ನು ಕರೆದರು. ಕ್ರೈಸ್ತ ನಾಡುಗಳಲ್ಲಿನ ಯೆಹೂದ್ಯರೂ ಮುಸಲ್ಮಾನರೂ ಉಡುಪಿನಿಂದಲೇ ಬೇರೆಯಾಗಿ ಕಾಣತಕ್ಕದ್ದೆಂದು ಆ ಸಭೆಯ 68ನೆಯ ಕಟ್ಟಳೆ ವಿಧಿಸಿತು. ಅದನ್ನು ಹೇಗೆ ಜಾರಿಗೊಳಿಸಬೇಕೆಂಬುದನ್ನು ಅರಸರು ನಿರ್ಧರಿಸಿದರು. 1218ರಲ್ಲಿ ಇಂಗ್ಲೆಂಡಿನ ಯೆಹೂದ್ಯರು ಎದೆಯ ಮೇಲೆ ಎರಡು ಬಿಳಿಯ ಪಟ್ಟಿಗಳನ್ನು ಧರಿಸಬೇಕಾಯಿತು. 1269ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ, ಮುಂದೆ ಸಂತರೆಂದು ಘೋಷಿತರಾದ ಧರ್ಮಭೀರು, ಎದೆಯ ಮೇಲೂ ಬೆನ್ನ ಮೇಲೂ ಬಟ್ಟೆಯ ಚಕ್ರವನ್ನು ಹೊಲಿದುಕೊಳ್ಳಬೇಕೆಂದು ಆಜ್ಞಾಪಿಸಿದರು. ಚಕ್ರವಿಲ್ಲದೆ ಸಿಕ್ಕಿಬಿದ್ದವನ ಮೇಲುಡುಪು ಹಿಡಿದುಕೊಟ್ಟವನ ಪಾಲಾಗುತ್ತಿತ್ತು. ಯಾತ್ರಿಕನಿಗೆ ಗೌರವ ತಂದ ಬಿಲ್ಲೆ ಯೆಹೂದ್ಯನಿಗೆ ಅವಮಾನ ತಂದಿತು. ಇದು ನಮ್ಮ ಪೂರ್ವಿಕರ ಸಭೆಯಲ್ಲಿಯೇ ನಡೆದುಹೋದ ಸಂಗತಿಯೆಂಬುದನ್ನು ನಾವು ಮರೆಮಾಚಲಾಗದು.

ಏಳು ಶತಮಾನಗಳ ಅನಂತರ ನಾಜಿಗಳು ಆ ಹಳೆಯ ಪದ್ಧತಿಗೆ ಮತ್ತೆ ಜೀವ ತುಂಬಿದರು. 1941ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಯೆಹೂದ್ಯರಲ್ಲಿ ಆರು ವರ್ಷ ತುಂಬಿದವರೆಲ್ಲರೂ ಹಳದಿ ನಕ್ಷತ್ರವನ್ನು ಧರಿಸಬೇಕೆಂಬ ಆಜ್ಞೆ ಹೊರಟಿತು. ಮರುವರ್ಷ ಹಾಲೆಂಡಿಗೂ ಅದು ವ್ಯಾಪಿಸಿತು. ಯೆಹೂದ್ಯ ಮನೆತನದಲ್ಲಿ ಹುಟ್ಟಿ, 1922ರಲ್ಲಿ ಜ್ಞಾನಸ್ನಾನ ಪಡೆದು, ಕಾರ್ಮೆಲ್ ಮಠದ ಕನ್ಯಾಸ್ತ್ರೀಯಾಗಿದ್ದ ಎಡಿತ್ ಸ್ಟೈನರು ಆಗ ಹಾಲೆಂಡಿನ ಎಖ್ಟ್ ಮಠದಲ್ಲಿದ್ದರು. ತಾವೇ ಒಲಿದು ತೊಟ್ಟ ಕಾರ್ಮೆಲಿನ ಕಂದು ಉಡುಪಿನಲ್ಲಿದ್ದ ಅವರಿಗೂ ನಕ್ಷತ್ರದ ಆಜ್ಞೆ ತಪ್ಪಲಿಲ್ಲ. ಯೆಹೂದ್ಯರ ಹಿಂಸೆಯನ್ನು ಖಂಡಿಸಿ ಡಚ್ ಧರ್ಮಾಧ್ಯಕ್ಷರು ಹೊರಡಿಸಿದ ಪತ್ರವು 1942ರ ಜುಲೈ 26ರಂದು ದೇವಾಲಯಗಳಲ್ಲಿ ಓದಲ್ಪಟ್ಟ ಬಳಿಕ, ಸೇಡಿಗಾಗಿ ಯೆಹೂದ್ಯ ಮೂಲದ ಕಥೋಲಿಕರು ಬಂಧಿತರಾದರು. ಎಡಿತರೂ ಅವರಲ್ಲೊಬ್ಬರಾಗಿ ಆಗಸ್ಟ್ 9ರಂದು ಔಷ್ವಿಟ್ಸ್ ಶಿಬಿರದಲ್ಲಿ ಪ್ರಾಣತೆತ್ತರು. 1998ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದರು.

1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯದ್ವೇಷವನ್ನು ಸ್ಪಷ್ಟವಾಗಿ ಖಂಡಿಸಿತು. 2000ದ ಮಾರ್ಚ್ 26ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಜೆರುಸಲೇಮಿನ ಪಶ್ಚಿಮ ಗೋಡೆಯ ಬಿರುಕಿನಲ್ಲಿ ಕ್ಷಮೆಯ ಪ್ರಾರ್ಥನೆಯನ್ನು ಬರೆದಿಟ್ಟರು.

ಪ್ರಿಯ ಸಹಭಕ್ತರೇ, ನಾವು ಧರಿಸುವ ಶಿಲುಬೆ, ಪದಕ, ಸ್ಕ್ಯಾಪುಲರ್‌ಗಳು ನಮ್ಮ ವಿಶ್ವಾಸದ ಸಾಕ್ಷಿಗಳು. ಅವು ನಮ್ಮ ನಡತೆಯನ್ನು ಪ್ರಶ್ನಿಸುವ ಸಾಕ್ಷಿಗಳೂ ಹೌದು. ನೆರೆಯವನ ಜಾತಿ, ಮತ, ಭಾಷೆಗಳನ್ನು ಕಂಡು ಅವನ ಎದೆಯ ಮೇಲೆ ಕಣ್ಣಿಗೆ ಕಾಣದ ಬಿಲ್ಲೆಯನ್ನು ಅಂಟಿಸುವ ಚಾಳಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಪರಸ್ಪರ ಪ್ರೀತಿಯೇ ತಮ್ಮ ಶಿಷ್ಯರ ಗುರುತೆಂದು ಪ್ರಭು ಯೇಸು ಬೋಧಿಸಿದರು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರವನ್ನು ಊರಿನ ಜನರು ಆ ಗುರುತಿನಿಂದಲೇ ಗುರುತಿಸುವಂತಾಗಲಿ.