ಅಡ್ವೆಂಟ್ ಅಂದ್ರೆ ಏನು? ಕ್ರಿಸ್‌ಮಸ್‌ಗೂ ಮುಂಚಿನ ನಾಲ್ಕು ವಾರ, ಕಾಯುವವರ ಸಮಾಧಾನ

ರಾಜಾಜಿನಗರ: ನವೆಂಬರ್ ಮುಗಿಯೋ ಹೊತ್ತಿಗೆ ಡಾ. ರಾಜ್‌ಕುಮಾರ್ ರಸ್ತೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ನೇತಾಡಲು ಶುರುವಾಗುತ್ತವೆ. ಬೇಕರಿಗಳಲ್ಲಿ ಪ್ಲಮ್ ಕೇಕ್ ಆರ್ಡರ್ ತಗೋತಾರೆ. ನೋಡಿದವರಿಗೆ ಕ್ರಿಸ್‌ಮಸ್ ಬಂದೇ ಬಿಡ್ತು ಅನ್ನಿಸುತ್ತೆ. ಆದರೆ ಅದೇ ವಾರ ಚರ್ಚ್ ಒಳಗೆ ಹೋದರೆ ಬೇರೆಯೇ ನೋಟ. ಪೀಠದ ಮೇಲೆ ನೇರಳೆ ಬಣ್ಣದ ವಸ್ತ್ರ, ಅಲಂಕಾರ ಕಡಿಮೆ, ಇಟ್ಟಿರುವ ನಾಲ್ಕು ಮೇಣದಬತ್ತಿಗಳಲ್ಲಿ ಹಚ್ಚಿರುವುದು ಒಂದೇ. ಅಲ್ಲಿ ಹಬ್ಬ ಇನ್ನೂ ಬಂದಿಲ್ಲ, ಹಬ್ಬಕ್ಕೆ ಕಾಯುವ ಕಾಲ ಶುರುವಾಗಿದೆ ಅಷ್ಟೇ. ಇದೇ ಅಡ್ವೆಂಟ್. ಕನ್ನಡ ಚರ್ಚ್‌ಗಳಲ್ಲಿ ಆಗಮನ ಕಾಲ ಅಂತಾರೆ.

ಯಾವಾಗ ಶುರು?

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಅಡ್ವೆಂಟ್‌ಗೆ ಸೇರುತ್ತವೆ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. 2026ರಲ್ಲಿ ಅದು ನವೆಂಬರ್ 29, 2027ರಲ್ಲಿ ನವೆಂಬರ್ 28. ಡಿಸೆಂಬರ್ 25 ಯಾವ ವಾರ ಬರುತ್ತೆ ಅನ್ನೋದರ ಮೇಲೆ ಈ ಕಾಲ 22 ದಿನಕ್ಕೂ ಮುಗಿಯಬಹುದು, 28 ದಿನಕ್ಕೂ ಎಳೆಯಬಹುದು. ಚರ್ಚ್‌ನ ಹೊಸ ವರ್ಷ ಆರಂಭವಾಗುವುದೂ ಜನವರಿ 1ಕ್ಕಲ್ಲ, ಈ ಮೊದಲ ಭಾನುವಾರಕ್ಕೆ.

ಲ್ಯಾಟಿನ್‌ನ ‘ಅಡ್ವೆಂಟುಸ್’ ಅಂದರೆ ಬರುವಿಕೆ. ಯೇಸು ಹುಟ್ಟಿ ಬಂದದ್ದನ್ನು ನೆನೆಯುವುದು, ಮತ್ತೆ ಬರುತ್ತಾನೆಂದು ಕಾಯುವುದು, ಎರಡೂ ಇದರಲ್ಲಿ ಸೇರಿವೆ. ನಡುವೆ ಮೂರನೆಯದೂ ಒಂದಿದೆ: ಇವತ್ತು, ಈಗ, ಮನಸ್ಸಿನೊಳಗೆ ಬರುವುದು. ಈ ದಿನಗಳಲ್ಲಿ ಪದೇಪದೇ ಕೇಳಿಬರುವ ‘ಇಮ್ಮಾನುವೇಲ್’ ಎಂಬ ಹೀಬ್ರೂ ಹೆಸರಿಗೆ ‘ದೇವರು ನಮ್ಮ ಜೊತೆ’ ಎಂದೇ ಅರ್ಥ. ಕಷ್ಟ ತೀರಿದ ಮೇಲೆ ಬರುವ ದೇವರಲ್ಲ, ಕಷ್ಟದ ಮಧ್ಯೆಯೇ ಪಕ್ಕದಲ್ಲಿರುವ ದೇವರು.

ಧನುರ್ಮಾಸ ಕಂಡವರಿಗೆ ಇದು ಹೊಸದೇನಲ್ಲ. ಡಿಸೆಂಬರ್ ಮಧ್ಯದಿಂದ ನಸುಕಿನಲ್ಲೇ ದೇವಸ್ಥಾನದ ಬಾಗಿಲು ತೆರೆಯುತ್ತೆ, ಚಳಿಯಲ್ಲಿ ನಡುಗುತ್ತಾ ನಿಂತವರ ಕೈಗೆ ಬಿಸಿ ಹುಗ್ಗಿ ಬೀಳುತ್ತೆ. ವೈಕುಂಠ ಏಕಾದಶಿಗೆ ಇಸ್ಕಾನ್ ಗುಡ್ಡದ ಮುಂದಿನ ಸಾಲು ಎಲ್ಲರಿಗೂ ಗೊತ್ತು. ನಂಬಿಕೆ ಬೇರೆ, ಆಚರಣೆ ಬೇರೆ. ಆದರೂ ಕತ್ತಲಲ್ಲಿ ಎದ್ದು ಕಾಯುವುದು ಎರಡು ಕಡೆಯೂ ಇದೆ.

ಸಮಾಧಾನ ಎಂಬ ಮಾತು

ನಾಲ್ಕು ಬತ್ತಿಗಳಿಗೆ ಹಲವು ಚರ್ಚ್‌ಗಳಲ್ಲಿ ನಿರೀಕ್ಷೆ, ಶಾಂತಿ, ಸಂತೋಷ, ಪ್ರೀತಿ ಎಂದು ಹೆಸರು. ವಾರಕ್ಕೊಂದರಂತೆ ಹಚ್ಚುತ್ತಾ ಹೋಗುತ್ತಾರೆ. ಎರಡನೆಯದು ಶಾಂತಿಯದು. ಕನ್ನಡ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದಕ್ಕೆ ‘ಸಮಾಧಾನ’ ಎಂಬ ಪದವೇ ಹೆಚ್ಚು ಬಳಕೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್, ಹಡ್ಸನ್ ಸರ್ಕಲ್‌ನ ಹಡ್ಸನ್ ಸ್ಮಾರಕ ಚರ್ಚ್‌ಗಳಂಥ ಹಳೇ ಕನ್ನಡ ಸಭೆಗಳವರಿಗೆ ಇದು ದಿನನಿತ್ಯದ ಮಾತು. ಹೊರಗೆ ಬೀದಿಯಲ್ಲಿ ನಾವು ಸಮಾಧಾನ ಅನ್ನೋದು ಬೇರೆ ಥರ. ಅಳುವವರಿಗೆ ಸಮಾಧಾನ ಮಾಡ್ತೀವಿ, ಸಿಟ್ಟಾದ ಗಿರಾಕಿಗೆ ‘ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಸರ್’ ಅಂತೀವಿ. ಅಂದರೆ ಈ ಪದದೊಳಗೆ ನೋವು ಮೊದಲೇ ಇದೆ. ನೋವೇ ಇಲ್ಲದವನಿಗೆ ಸಮಾಧಾನ ಯಾಕೆ ಬೇಕು?

ಬೈಬಲ್‌ನ ಮೂಲ ಹೀಬ್ರೂ ಪದ ‘ಶಾಲೋಮ್’. ಇದಕ್ಕೂ ಸಾಲ ತೀರಿಸುವುದು, ಪೂರ್ತಿ ಹಣ ಕೊಡುವುದು ಎಂಬರ್ಥದ ಪದಕ್ಕೂ ಧಾತು ಒಂದೇ. ಉದ್ರಿ ಪುಸ್ತಕ ಇಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಲೆಕ್ಕ ಚುಕ್ತಾ ಆದಾಗ ಬರುವ ನಿರಾಳ ಏನಿದೆ, ಅದು. ಅದಕ್ಕೇ ಕ್ಯಾಥೋಲಿಕರು ಅಡ್ವೆಂಟ್‌ನಲ್ಲಿ ಪಾಪನಿವೇದನೆಗೆ ಹೋಗುವುದು, ಮಾತು ಬಿಟ್ಟ ಅಣ್ಣತಮ್ಮಂದಿರು ಕ್ರಿಸ್‌ಮಸ್‌ಗೆ ಮುಂಚೆ ಮಾತಾಡಿಕೊಳ್ಳಲಿ ಎಂದು ಹಿರಿಯರು ಒತ್ತಾಯಿಸುವುದು.

ಮೂರನೇ ಭಾನುವಾರ ನೇರಳೆ ಹೋಗಿ ಗುಲಾಬಿ ಬಣ್ಣ ಬರುತ್ತದೆ. ಇದು ಸಂತೋಷದ ಭಾನುವಾರ. ಇದಕ್ಕೆ ಹೆಸರು ಬಂದಿರುವುದು ಪೌಲನು ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದ 4ನೇ ಅಧ್ಯಾಯದಿಂದ. ದೇವರು ಹತ್ತಿರದಲ್ಲೇ ಇದ್ದಾನೆ, ಚಿಂತೆ ಬಿಟ್ಟು ಬೇಕಾದ್ದನ್ನು ಅವನ ಮುಂದಿಡಿ, ಆಗ ಅವನ ಶಾಂತಿ ನಿಮ್ಮ ಮನಸ್ಸಿಗೆ ಕಾವಲು ನಿಲ್ಲುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಗ್ರೀಕ್ ಮೂಲದಲ್ಲಿ ಆ ‘ಕಾವಲು’ ಸೈನಿಕರ ಪಹರೆಗೆ ಹೇಳುವ ಪದ. ಪೌಲ ಈ ಮಾತು ಬರೆದಾಗ ಸ್ವತಃ ಸೆರೆಯಲ್ಲಿದ್ದ.

ಸೆರೆಮನೆಯಿಂದ ಬಂದ ಇನ್ನೊಂದು ಪತ್ರವೂ ಉಂಟು. ಹಿಟ್ಲರನನ್ನು ಎದುರಿಸಿದ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್, 1943ರ ನವೆಂಬರ್ 21ರಂದು, ಅಡ್ವೆಂಟ್‌ಗೆ ಒಂದು ವಾರ ಇರುವಾಗ, ಬರ್ಲಿನ್‌ನ ಟೇಗೆಲ್ ಜೈಲಿನಿಂದ ಗೆಳೆಯನಿಗೆ ಬರೆದರು. ಜೈಲು ಕೋಣೆಯನ್ನೇ ಅವರು ಅಡ್ವೆಂಟ್‌ಗೆ ಹೋಲಿಸಿದ್ದರು. ಒಳಗಿರುವವನು ಏನೇನೋ ಕೆಲಸ ಮಾಡುತ್ತಾ ಕಾಯಬಹುದು, ಬಾಗಿಲು ಮಾತ್ರ ಹೊರಗಿನಿಂದಲೇ ತೆರೆಯಬೇಕು. ಅವರ ಪಾಲಿಗೆ ಆ ಬಾಗಿಲು ತೆರೆಯಲಿಲ್ಲ. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಅಡ್ವೆಂಟ್‌ನ ಶಾಂತಿಯನ್ನು ಬರೀ ದೀಪ, ಹಾಡು ಅಂದುಕೊಂಡವರು ಈ ಪತ್ರವನ್ನೂ ಲೆಕ್ಕಕ್ಕೆ ತಗೋಬೇಕು.

ಮನೆಯಲ್ಲಿ ಏನು ಮಾಡ್ತಾರೆ?

ಹಸಿರು ಎಲೆಯ ಚಕ್ರದ ಮೇಲೆ ಬತ್ತಿ ಇಡುವ ಪದ್ಧತಿ ಅಷ್ಟೇನೂ ಹಳೆಯದಲ್ಲ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖೆರ್ನ್, ಕ್ರಿಸ್‌ಮಸ್ ಯಾವಾಗ ಎಂದು ದಿನಾ ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿ ಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿದರಂತೆ. ಇಲ್ಲಿನ ಮನೆಗಳಲ್ಲಿ ಸ್ಟೀಲ್ ತಟ್ಟೆ ಮೇಲೆ ನಾಲ್ಕು ಬತ್ತಿ ಇಟ್ಟರೂ ನಡೆಯುತ್ತೆ. ರಾತ್ರಿ ಊಟಕ್ಕೆ ಮುಂಚೆ ಹಚ್ಚಿ, ಬೈಬಲ್‌ನ ಒಂದು ಭಾಗ ಓದಿ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಟಿ.ವಿ. ಆಫ್. ಮೊಬೈಲ್ ಬೇರೆ ರೂಮಿನಲ್ಲಿ. ಶಟರ್ ಎಳೆದು ಬಂದ ಅಂಗಡಿಯವರಿಗೆ ಹತ್ತು ನಿಮಿಷವೂ ಕಷ್ಟವೇ, ಡಿಸೆಂಬರ್ ವ್ಯಾಪಾರ ಜೋರಾಗಿರೋ ತಿಂಗಳು. ಸುಮ್ಮನೆ ಕೂರೋಕೆ ಆಗದಿದ್ದರೆ ಗಲ್ಲಾಪೆಟ್ಟಿಗೆ ಎಣಿಸುವ ಮುಂಚೆ ಎರಡು ನಿಮಿಷ ಕಣ್ಣು ಮುಚ್ಚಿದರೂ ಸಾಕು. ಕ್ಯಾಥೋಲಿಕ್ ಚರ್ಚ್‌ಗಳಲ್ಲಿ ಪರಮಪ್ರಸಾದದ ಮುಂದೆ ಮೌನವಾಗಿ ಕೂರುವ ಆರಾಧನೆಯೂ ಇರುತ್ತದೆ. ಅಲ್ಲಿ ಏನೂ ಹೇಳಬೇಕಿಲ್ಲ, ಇದ್ದರೆ ಆಯಿತು.

ಅಂಗಡಿಯವರಿಗೆ ಇನ್ನೊಂದು ವಿಷಯ. ಕೇರಳ ಮೂಲದ ಅನೇಕ ಸಿರಿಯನ್ ಕ್ರೈಸ್ತ ಕುಟುಂಬಗಳು ಡಿಸೆಂಬರ್ 1ರಿಂದ 25 ದಿನ ಮಾಂಸ ಮುಟ್ಟುವುದಿಲ್ಲ. ಮಂಗಳೂರು ಕಡೆಯವರ ಮನೆಗಳಲ್ಲಿ ಕುಸ್ವಾರ್ ತಿಂಡಿಗಳ ಕೆಲಸ ಶುರುವಾಗುವುದರಿಂದ ಮೈದಾ, ಸಕ್ಕರೆ, ತೆಂಗಿನಕಾಯಿಗೆ ಬೇಡಿಕೆ ಏರುತ್ತದೆ.

ಈ ಸಡಗರ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಸಾವು ಕಂಡ ವರ್ಷ ನಕ್ಷತ್ರ ಕಟ್ಟದ ಮನೆಗಳಿವೆ. ಸಾಲ, ಕಾಯಿಲೆ, ದೂರದೇಶದಲ್ಲಿ ಮಕ್ಕಳು ಅಂತ ಒಬ್ಬೊಬ್ಬರಿಗೆ ಒಂದೊಂದು. ಬೀದಿಯ ಹಾಡು ಅಂಥವರಿಗೆ ಇನ್ನೂ ಭಾರ. ಆದರೆ ಅಡ್ವೆಂಟ್ ಅವರನ್ನು ನಗಲು ಕೇಳುವುದಿಲ್ಲ, ಒಂದು ಬತ್ತಿ ಹಚ್ಚಿ ಕೂರಲು ಹೇಳುತ್ತದೆ ಅಷ್ಟೇ. ನಕ್ಷತ್ರ ಕಟ್ಟದ ಮನೆಯಲ್ಲೂ ಅದನ್ನು ಮಾಡಬಹುದು. ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಮಾತ್ರ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗೋದಲಿ ಕಟ್ಟುವವರು ಡಿಸೆಂಬರ್ ಎರಡನೇ ವಾರದಲ್ಲಿ ಸಣ್ಣ ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಅದು ಹಸಿರು ಪೈರಾಗಿ ಗೋದಲಿಯ ಸುತ್ತ ಹುಲ್ಲುಗಾವಲಿನಂತೆ ನಿಲ್ಲುತ್ತದೆ. ಕುರಿ, ಹಸು, ಮರಿಯ, ಜೋಸೆಫ್ ಎಲ್ಲರನ್ನೂ ಮೊದಲೇ ಇಟ್ಟಿರುತ್ತಾರೆ. ಮಧ್ಯದ ಜಾಗ ಮಾತ್ರ ಖಾಲಿ. ಅಲ್ಲಿಗೆ ಮಗುವನ್ನು ತಂದು ಮಲಗಿಸುವುದು ಡಿಸೆಂಬರ್ 24ರ ರಾತ್ರಿಯೇ.