ಕಾರವಾರದ ಕಡಲು, ಘಟ್ಟದ ದಾರಿ: ಕದಂಬ ನೌಕಾನೆಲೆ ಮತ್ತು ಸ್ಥಳೀಯ ಆರ್ಥಿಕತೆಯ ಚರಿತ್ರೆ

ಪೀಠಿಕೆ

ಕಾರವಾರ ಪಟ್ಟಣದ ದಕ್ಷಿಣಕ್ಕೆ, ಬಿಣಗಾ ಮತ್ತು ಅರಗಾದಿಂದ ಹಿಡಿದು ಅಂಕೋಲಾ ತಾಲ್ಲೂಕಿನವರೆಗೆ, ಸುಮಾರು 26 ಕಿಲೋಮೀಟರ್ ಕಡಲಂಚು ಮತ್ತು 11 ಸಾವಿರ ಎಕರೆಯಷ್ಟು ನೆಲ ಭಾರತೀಯ ನೌಕಾಪಡೆಯ ಸುಪರ್ದಿಯಲ್ಲಿದೆ. ಕಡತಗಳಲ್ಲಿ ಇದು ‘ಸೀಬರ್ಡ್ ಯೋಜನೆ’. ನೆಲೆಗೆ ಇಟ್ಟ ಹೆಸರು ‘ಐಎನ್‌ಎಸ್ ಕದಂಬ’, ಬನವಾಸಿಯ ಅರಸು ಮನೆತನದ್ದು. ಈ ನೆಲೆಯ ಕುರಿತ ಬರವಣಿಗೆ ಎರಡು ಹೊಳೆಗಳಾಗಿ ಹರಿದಿದೆ. ರಕ್ಷಣಾ ವಿಷಯ ಬರೆಯುವವರು ಹಡಗು, ಧಕ್ಕೆ, ಸಾಮರ್ಥ್ಯಗಳ ಲೆಕ್ಕ ಕೊಡುತ್ತಾರೆ. ಜಿಲ್ಲೆಯ ಪತ್ರಕರ್ತರು ನಿರಾಶ್ರಿತರ ಪರಿಹಾರದ ಹೋರಾಟವನ್ನು ದಾಖಲಿಸುತ್ತಾರೆ. ಇವೆರಡನ್ನೂ ಒಂದೇ ಚರಿತ್ರೆಯಾಗಿ ಓದುವುದು ಈ ಲೇಖನದ ಉದ್ದೇಶ.

ನನ್ನ ವಾದ ಇಷ್ಟು. ಕಾರವಾರಕ್ಕೆ ಆಳವಾದ, ಮರೆಯುಳ್ಳ ಕಡಲನ್ನು ನಿಸರ್ಗವೇ ಕೊಟ್ಟಿದೆ. ಅದರ ಲಾಭ ಊರಿಗೆ ದಕ್ಕುವುದು ಮಾತ್ರ ದಾರಿ, ಭೂಮಿ ಮತ್ತು ಕಸುಬು ಎಂಬ ಮೂರು ಸಂಗತಿಗಳನ್ನು ಅವಲಂಬಿಸಿದೆ. 19ನೆಯ ಶತಮಾನದಲ್ಲಿ ದಾರಿ ತಡವಾಗಿ, ಬಂದರು ಸೊರಗಿತು. 20ನೆಯ ಶತಮಾನದ ಕೊನೆಗೆ ಬಂದ ನೌಕಾನೆಲೆ ಊರಿನ ದಾರಿ, ಪೇಟೆಗಳನ್ನು ನಂಬಿಕೊಳ್ಳದೆಯೇ ಬೆಳೆಯಬಲ್ಲ ಸಂಸ್ಥೆ. ಆದ್ದರಿಂದ ಅದರ ಪ್ರಯೋಜನ ಊರಿಗೆ ತಾನಾಗಿ ಹರಿದು ಬರುವುದಿಲ್ಲ, ಬೇಕೆಂದೇ ಹರಿಸಬೇಕಾಗುತ್ತದೆ.

ಹತ್ತಿಯ ಕಾಲದ ಬಂದರು

ಕಾಳಿ ನದಿಯ ಅಳಿವೆಯ ಸುತ್ತಲಿನ ವ್ಯಾಪಾರ ಹಳೆಯದು. 1638ರಲ್ಲಿ ವಿಲಿಯಂ ಕೋರ್ಟೀನ್‌ನ ಇಂಗ್ಲಿಷ್ ವರ್ತಕ ಸಂಘ ಇಲ್ಲಿ ಕೋಠಿ ತೆರೆಯಿತು. ಸೋದೆಯ ಅರಸರು ನದಿಯ ಉತ್ತರ ದಂಡೆಯಲ್ಲಿ ಸದಾಶಿವಗಡ ಕಟ್ಟಿದರು. ಆದರೆ ಕಾರವಾರವನ್ನು ದೊಡ್ಡ ಬಂದರಾಗಿಸುವ ಯೋಚನೆಗೆ ಬಲ ಬಂದದ್ದು 1860ರ ದಶಕದಲ್ಲಿ, ಹತ್ತಿಯ ದೆಸೆಯಿಂದ.

ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಅಲ್ಲಿ ಆಗಲೇ ಅಮೆರಿಕನ್ ತಳಿಯ ಹತ್ತಿ ಬೆಳೆಯುತ್ತಿದ್ದರು. ಅಲ್ಲಿಯವರೆಗೆ ಆ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗೇರುತ್ತಿತ್ತು. ವಿದೇಶಿ ಪೇಟೆಯಲ್ಲಿ ಒಂದು ಬಗೆಯ ಹತ್ತಿಗೆ ಕುಮಟಾದ ಹೆಸರೇ ನಿಂತಿತ್ತು. ಕುಮಟಾದಲ್ಲಿ ದೊಡ್ಡ ಹಡಗಿಗೆ ಮರೆಯಿರಲಿಲ್ಲ, ಕಾರವಾರದಲ್ಲಿ ಇತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಅದನ್ನು ಸಾಗಿಸಬೇಕಾದ ಕಡಲಂಚು ಮದರಾಸು ಪ್ರಾಂತ್ಯದಲ್ಲಿ ಇದ್ದುದರಿಂದ ರಸ್ತೆಯ ಕೆಲಸ ಹಿಂದೆ ಬೀಳುತ್ತಿದೆ ಎಂಬ ದೂರು ಎದ್ದಿತು. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಅದರ ಆಡಳಿತ ಕೇಂದ್ರವಾಗಿ ಬೆಳೆಯಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು.

ಆದರೂ ಬಂದರು ಕೈಗೂಡಲಿಲ್ಲ. ಘಟ್ಟದ ರಸ್ತೆ ಮುಗಿಯುವ ಹೊತ್ತಿಗೆ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಿತ್ತು. ಕಾರವಾರ–ಹುಬ್ಬಳ್ಳಿ ರೈಲಿನ ಪ್ರಸ್ತಾವ ಮೇಲೇಳಲಿಲ್ಲ. 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಮೂಲಕ ಪೋರ್ಚುಗೀಸ್ ಗೋವಾದ ಮುರ್ಮಗೋವಾ ಬಂದರಿಗೆ ಹಳಿ ಹಾಕಿದಾಗ ಧಾರವಾಡದ ಸರಕು ಆ ಕಡೆ ತಿರುಗಿತು. ಕಾರವಾರಕ್ಕೆ ಉಳಿದದ್ದು ಜಿಲ್ಲಾ ಕಚೇರಿ, ಕರಾವಳಿಯ ಸ್ಟೀಮರು ಮತ್ತು ಮೀನುಗಾರಿಕೆ.

ಮುಂಬೈಯಿಂದ ಅರಗಾಕ್ಕೆ

ನೂರು ವರ್ಷಗಳ ನಂತರ ಅದೇ ಕಡಲಿನ ಆಳ ಬೇರೊಂದು ಕಾರಣಕ್ಕೆ ದಿಲ್ಲಿಯ ಗಮನ ಸೆಳೆಯಿತು. 1971ರ ಯುದ್ಧದ ಬಳಿಕ ಪಶ್ಚಿಮ ನೌಕಾದಳದ ಇಕ್ಕಟ್ಟು ಸ್ಪಷ್ಟವಾಯಿತು. ವಾಣಿಜ್ಯ ಹಡಗು, ಮೀನುಗಾರಿಕಾ ದೋಣಿ, ಪ್ರಯಾಣಿಕರ ಲಾಂಚು ಎಲ್ಲವೂ ಕಿಕ್ಕಿರಿದ ಮುಂಬೈ ಬಂದರಿನಲ್ಲಿಯೇ ಯುದ್ಧನೌಕೆಗಳೂ ನಿಲ್ಲಬೇಕಿತ್ತು. 1982ರಿಂದ 1984ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ ಅವರು ನೌಕಾಪಡೆಗೇ ಮೀಸಲಾದ ನೆಲೆಯೊಂದು ಪಶ್ಚಿಮ ಕರಾವಳಿಯಲ್ಲಿ ಬೇಕೆಂದು ಪಟ್ಟು ಹಿಡಿದು ಕಾರವಾರದತ್ತ ಬೊಟ್ಟು ಮಾಡಿದರು. ಮುಂಬೈ ಮತ್ತು ಕೊಚ್ಚಿಯ ನಡುವಿನ ಸ್ಥಾನ, ಕಡಲಿಗೆ ಒತ್ತಿನಿಂತ ಗುಡ್ಡಗಳ ಮರೆ, ಮಳೆಗಾಲದ ಅಲೆಗೆ ಅಡ್ಡ ನಿಲ್ಲುವ ದ್ವೀಪಗಳು, ವಿಸ್ತರಣೆಗೆ ಜಾಗ ಎಂಬುವು ಆಯ್ಕೆಯ ಕಾರಣಗಳು. ದ್ವೀಪಗಳಲ್ಲಿ ದೊಡ್ಡದಾದ ಅಂಜುದೀವ್ ಗೋವಾಕ್ಕೆ ಸೇರಿದ್ದು. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ಚುಗೀಸರಿಂದ ಬಿಡಿಸುವಾಗ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತಿದ್ದರು.

1985ರಲ್ಲಿ 350 ಕೋಟಿ ರೂಪಾಯಿಯ ಅಂದಾಜಿನಲ್ಲಿ ಯೋಜನೆಗೆ ಒಪ್ಪಿಗೆ ದೊರೆಯಿತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಶಿಲಾನ್ಯಾಸ ಮಾಡಿದರು. ಅಷ್ಟರಲ್ಲಿ 1990–91ರ ಹಣಕಾಸಿನ ಬಿಕ್ಕಟ್ಟು ಬಂದು ಕೆಲಸ ಹಿಂದೆ ಬಿತ್ತು. 1995ರಲ್ಲಿ ಯೋಜನೆಯನ್ನು ಮೊಟಕುಗೊಳಿಸಿ, ಮೊದಲ ಹಂತಕ್ಕಷ್ಟೇ ಸುಮಾರು 1,294 ಕೋಟಿ ರೂಪಾಯಿ ಮಂಜೂರು ಮಾಡಲಾಯಿತು. 1999ರಲ್ಲಿ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗ ಕಾಮಗಾರಿಗೆ ಚುರುಕು ಬಂತು. 2005ರ ಮೇ 31ರಂದು ಆಗಿನ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ನೆಲೆಯನ್ನು ಸೇವೆಗೆ ಅರ್ಪಿಸಿದರು. ಶಿಲಾನ್ಯಾಸದಿಂದ ಸೇವಾರ್ಪಣೆಗೆ ಹಿಡಿದ ಈ ಸುಮಾರು 19 ವರ್ಷಗಳ ಬೆಲೆ ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ನೆಲೆಯ ಕೆಲಸ

ಕಲ್ಲು ಸುರಿದು ಕಟ್ಟಿದ ಅಲೆತಡೆಗೋಡೆಗಳು ಅಂಜುದೀವನ್ನು ಮುಖ್ಯಭೂಮಿಗೆ ಜೋಡಿಸಿ, ಒಳಗೆ ಮಳೆಗಾಲದಲ್ಲೂ ಶಾಂತವಾಗಿರುವ ಬಂದರನ್ನು ಸೃಷ್ಟಿಸಿದವು. ಮೊದಲ ಹಂತದ ಹೆಗ್ಗಳಿಕೆ ಹಡಗೆತ್ತುವ ವ್ಯವಸ್ಥೆ. ನೀರಿನೊಳಗೆ ಇಳಿಸಿದ ವೇದಿಕೆಯ ಮೇಲೆ ಹಡಗನ್ನು ಕೂರಿಸಿ ಮೇಲೆತ್ತಿ, ಹಳಿಗಳ ಮೇಲೆ ದುರಸ್ತಿ ಅಂಕಣಕ್ಕೆ ಸಾಗಿಸುತ್ತಾರೆ. 10 ಸಾವಿರ ಟನ್ ತೂಕದವರೆಗಿನ, 175 ಮೀಟರ್ ಉದ್ದದವರೆಗಿನ ಹಡಗನ್ನು ಅದು ಎತ್ತಬಲ್ಲದು. ಒಂದು ಹಡಗನ್ನು ಎತ್ತಿ ಪಕ್ಕಕ್ಕೆ ಸರಿಸಿದ ಮೇಲೆ ಅದೇ ವೇದಿಕೆ ಇನ್ನೊಂದಕ್ಕೆ ತೆರವಾಗುವುದು ಇದರ ಅನುಕೂಲ. ಪಕ್ಕದಲ್ಲೇ ನೌಕಾ ದುರಸ್ತಿ ಅಂಗಳವಿದೆ. 2015ರ ಸೆಪ್ಟೆಂಬರಿನಲ್ಲಿ ಕ್ಷಿಪಣಿ, ಮದ್ದುಗುಂಡುಗಳ ಉಗ್ರಾಣ ‘ಐಎನ್‌ಎಸ್ ವಜ್ರಕೋಶ’ ಸೇರ್ಪಡೆಯಾಯಿತು.

ರಷ್ಯಾದಿಂದ ಹೊರಟ ವಿಮಾನವಾಹಕ ನೌಕೆ ‘ಐಎನ್‌ಎಸ್ ವಿಕ್ರಮಾದಿತ್ಯ’ 2014ರ ಜನವರಿಯಲ್ಲಿ ಬಂದು ತಂಗಿದ್ದು ಇಲ್ಲಿ. ಇದೇ ಅದರ ತವರು ಬಂದರು. 284 ಮೀಟರ್ ಉದ್ದದ ಈ ನೌಕೆ ಕಾರವಾರದ ಹಡಗೆತ್ತುವ ವೇದಿಕೆಗೆ ಹಿಡಿಸುವುದಿಲ್ಲ. ಅದರ ತಳದ ದುರಸ್ತಿ ನಡೆಯುವುದು ಕೊಚ್ಚಿಯ ಹಡಗುಕಟ್ಟೆಯಲ್ಲಿ. 2024ರ ನವೆಂಬರಿನ ದುರಸ್ತಿ ಒಪ್ಪಂದದ ಮೊತ್ತವೇ ಸುಮಾರು 1,207 ಕೋಟಿ ರೂಪಾಯಿ. ಹಡಗು ನಿಲ್ಲುವ ಊರಿಗಿಂತ ಹಡಗು ದುರಸ್ತಿಯಾಗುವ ಊರಿಗೆ ಹೆಚ್ಚು ದುಡಿಮೆ ಸಿಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ವೆಲ್ಡರು, ಫಿಟ್ಟರು, ಬಣ್ಣ ಬಳಿಯುವವರು, ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಗಳು ಹುಟ್ಟುವುದು ಅಲ್ಲಿ.

ಎರಡನೆಯ ಹಂತದ ಮೊದಲ ಭಾಗಕ್ಕೆ 2012ರಲ್ಲಿ ಒಪ್ಪಿಗೆ ದೊರೆಯಿತು. 32 ಹಡಗು–ಜಲಾಂತರ್ಗಾಮಿಗಳು ಮತ್ತು 23 ಸಹಾಯಕ ನೌಕೆಗಳಿಗೆ ನೆಲೆ ಒದಗಿಸುವುದು ಅದರ ಗುರಿ. ಪೂರ್ಣ ಪ್ರಮಾಣದ ಹಡಗುಕಟ್ಟೆ, ಮೇಲ್ಛಾವಣಿಯುಳ್ಳ ದುರಸ್ತಿ ಅಂಕಣಗಳು, ವಸತಿ ಸಮುಚ್ಚಯಗಳು, ಅಂಕೋಲಾದ ಅಲಗೇರಿಯಲ್ಲಿ ವಿಮಾನನೆಲೆ ಇದರಲ್ಲಿ ಸೇರಿವೆ. 2024ರ ಮಾರ್ಚಿನಲ್ಲಿ ಎರಡು ದೊಡ್ಡ ಧಕ್ಕೆಗಳು ಉದ್ಘಾಟನೆಗೊಂಡವು.

ದಾರಿಗಳು: ಇರುವುದು ಮತ್ತು ಇಲ್ಲದ್ದು

ಕರಾವಳಿಯ ಉದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ನೆಲೆಯ ಗೋಡೆಯನ್ನು ಸವರಿಕೊಂಡೇ ಹೋಗುತ್ತದೆ. ಕಾರವಾರ ಮತ್ತು ಬಿಣಗಾದ ನಡುವಿನ ಗುಡ್ಡ ಕೊರೆದು ಸುರಂಗ ಮಾಡಿದ್ದಾರೆ. 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆ ಪಟ್ಟಣದ ಹೊರವಲಯದ ಶಿರವಾಡದಲ್ಲಿ ನಿಲ್ಲುತ್ತದೆ. ಉತ್ತರ–ದಕ್ಷಿಣವಾಗಿ ನೆಲೆಗೆ ಗೋವಾ, ಮುಂಬೈ, ಮಂಗಳೂರು, ಕೊಚ್ಚಿಯ ಸಂಪರ್ಕ ಹೀಗೆ ಒದಗಿದೆ.

ಪೂರ್ವಕ್ಕೆ, ಅಂದರೆ ಘಟ್ಟದ ಮೇಲಕ್ಕೆ, ಇರುವ ಮುಖ್ಯ ದಾರಿ ಅರಬೈಲ್ ಘಟ್ಟವನ್ನೇರುವ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯೊಂದೇ. 1990ರ ದಶಕದ ಕೊನೆಗೆ ಚಾಲನೆ ಪಡೆದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಟ್ಟ ಕಾಡು ಮತ್ತು ವನ್ಯಜೀವಿಗಳ ಪ್ರಶ್ನೆಯಿಂದ ಕಾಗದದಲ್ಲೇ ಉಳಿದಿದೆ. ಆ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಸೂಪಾ ಅಣೆಕಟ್ಟು, ಕೈಗಾ ಅಣುಸ್ಥಾವರಗಳಿಗೆ ಕಾಡು ಕೊಟ್ಟ ಜಿಲ್ಲೆ ಇದು.

2024ರ ಮಳೆಗಾಲ ಈ ಸಂಪರ್ಕದ ನಿಜಸ್ಥಿತಿ ತೋರಿಸಿತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಜನ ಸತ್ತರು. ಗಂಗಾವಳಿ ನದಿಯ ಕೆಂಪು ನೀರಿನಲ್ಲಿ ನೌಕಾಪಡೆಯ ಮುಳುಗುಗಾರರು ಹುಡುಕಾಟಕ್ಕಿಳಿದರು. ಮೂರು ವಾರಗಳ ನಂತರ, ಆಗಸ್ಟ್ 7ರ ನಸುಕಿನ ಮೊದಲೇ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸೇನಾನೆಲೆಗೆ ಸಮುದ್ರದ ದಾರಿ ಯಾವಾಗಲೂ ತೆರೆದಿರುತ್ತದೆ. ರಸ್ತೆ ಕಡಿದಾಗ ಆಸ್ಪತ್ರೆ, ಶಾಲೆ, ಸಂತೆಗಳಿಂದ ದೂರವಾಗುವವರು ಊರಿನವರು. ಅಲಗೇರಿಯ ವಿಮಾನನೆಲೆಯಲ್ಲಿ ನಾಗರಿಕ ವಿಮಾನಗಳಿಗೂ ಅವಕಾಶ ಕೊಡುವ ಪ್ರಸ್ತಾವ ಈ ಹಿನ್ನೆಲೆಯಲ್ಲಿ ಮುಖ್ಯವಾದದ್ದು. ನೆಲೆಗಾಗಿ ಕಟ್ಟಿದ ದಾರಿಯೊಂದು ಜಿಲ್ಲೆಗೂ ತೆರೆದುಕೊಳ್ಳುವ ಸಂದರ್ಭ ಅದು.

ಭೂಮಿಯ ಲೆಕ್ಕ

ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳಲ್ಲಿ 4,032 ಕುಟುಂಬಗಳು ನೆಲೆ ಕಳೆದುಕೊಂಡವು. ಹಾಲಕ್ಕಿ ಒಕ್ಕಲಿಗರು, ಕೋಮಾರಪಂತರು, ಖಾರ್ವಿ, ಹರಿಕಂತ್ರ, ಅಂಬಿಗ ಸಮುದಾಯದವರು ಇವರಲ್ಲಿದ್ದರು. ತೋಡೂರು, ಮುದಗಾ, ಹಾರವಾಡ, ಚಿತ್ತಾಕುಲಾ ಮುಂತಾದ ಕಡೆ ಪುನರ್ವಸತಿ ಕೇಂದ್ರಗಳಾದವು.

ಇಲ್ಲಿ ಗಮನಿಸಬೇಕಾದ ಚಾರಿತ್ರಿಕ ಸಂಗತಿಯೊಂದಿದೆ. ದಿನಕರ ದೇಸಾಯಿಯವರ ನಾಯಕತ್ವದಲ್ಲಿ ಗೇಣಿದಾರರು ಹೋರಾಡಿದ ಸೀಮೆ ಇದು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳಿಗೆ ಹಕ್ಕುಪತ್ರ ಸಿಗತೊಡಗಿ ಹತ್ತು ಹನ್ನೆರಡು ವರ್ಷಗಳಾಗುವಷ್ಟರಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂತು. ತಲೆಮಾರುಗಳ ಬಳಿಕ ಹೆಸರಿಗೆ ಬಂದ ಗದ್ದೆ ಅದೇ ತಲೆಮಾರಿನಲ್ಲಿ ಕೈಬಿಟ್ಟಿತು.

ಯೋಜನೆಯ ವಿಳಂಬದ ಭಾರ ಬಿದ್ದದ್ದೂ ಇವರ ಮೇಲೆಯೇ. ಆಗಿನ ಭೂಸ್ವಾಧೀನ ಕಾಯ್ದೆಯ ಪ್ರಕಾರ ಭೂಮಿಯ ಬೆಲೆ ನಿಗದಿಯಾಗುತ್ತಿದ್ದುದು ಅಧಿಸೂಚನೆಯ ದಿನದ ದರಕ್ಕೆ. ಸರ್ಕಾರದ ಅಂದಾಜು ಪಟ್ಟಿಯನ್ನು ಮತ್ತೆ ಮತ್ತೆ ಪರಿಷ್ಕರಿಸಲಾಯಿತು, ರೈತನ ಗುಂಟೆಯ ಬೆಲೆ ಹಳೆಯ ತಾರೀಖಿಗೆ ಕಟ್ಟುಬಿತ್ತು. ಹೆಚ್ಚಿನ ಪರಿಹಾರಕ್ಕಾಗಿ ಹಲವರು ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆ ಹೂಡಲಾಗದವರೂ ನ್ಯಾಯಾಲಯ ಏರಿಸಿದ ದರವನ್ನೇ ಕೇಳಲು ಅವಕಾಶ ಕೊಡುವ ಕಲಂ 28ಎ ಅಡಿಯ ಅರ್ಜಿಗಳು ವರ್ಷಗಟ್ಟಲೆ ಓಡಾಡಿದವು. ನೆಲೆ ಸೇವೆಗೆ ಸೇರಿ ದಶಕ ಕಳೆದರೂ ಜಿಲ್ಲೆಯಲ್ಲಿ ‘ಸೀಬರ್ಡ್ ನಿರಾಶ್ರಿತರು’ ಎಂಬ ಮಾತು ಚಾಲ್ತಿಯಲ್ಲಿ ಉಳಿಯಲು ಇದೇ ಕಾರಣ.

ಊರಿನ ಆರ್ಥಿಕತೆ

ನೌಕಾನೆಲೆಯಿಂದ ಊರಿಗೆ ಹಣ ಬರುವ ದಾರಿಗಳು ಕೆಲವಿವೆ. ಕಾಮಗಾರಿಯ ಕೂಲಿ ಮತ್ತು ಗುತ್ತಿಗೆ, ಸಿಬ್ಬಂದಿಯ ಬಾಡಿಗೆ ಮನೆ, ಹಾಲು–ತರಕಾರಿ–ಮೀನಿನ ಪೂರೈಕೆ, ರಿಕ್ಷಾ–ಟ್ಯಾಕ್ಸಿ, ಹೋಟೆಲು ಇವು ಕಣ್ಣಿಗೆ ಕಾಣುವಂಥವು. ಪ್ರವಾಸೋದ್ಯಮವೂ ಇದೆ. ‘ಚಾಪಲ್’ ಯುದ್ಧನೌಕೆಯ ಸಂಗ್ರಹಾಲಯ ಟ್ಯಾಗೋರ್ ಕಡಲತೀರಕ್ಕೆ ಜನರನ್ನು ಸೆಳೆಯುತ್ತಿದೆ, ಈಚೆಗೆ ಟುಪೊಲೆವ್ ಕಣ್ಗಾವಲು ವಿಮಾನವೂ ಅದರ ಪಕ್ಕದಲ್ಲಿ ನಿಂತಿದೆ.

ಆದರೆ ನೆಲೆ ತನ್ನೊಳಗೇ ಒಂದು ಊರು. ಅದಕ್ಕೆ ತನ್ನದೇ ಕ್ಯಾಂಟೀನು, ಶಾಲೆ, ವಸತಿ, ಆಸ್ಪತ್ರೆಗಳಿವೆ. ಸಿಬ್ಬಂದಿಯ ಸಂಬಳದ ಒಂದು ಪಾಲು ಗೋಡೆಯೊಳಗೇ ಖರ್ಚಾಗುತ್ತದೆ. ಕಾಯಂ ಹುದ್ದೆಗಳಿಗೆ ಅಖಿಲ ಭಾರತ ಮಟ್ಟದ ಸ್ಪರ್ಧೆಯಿರುತ್ತದೆ. ಇನ್ನೊಂದು ಸಂಗತಿ ಚರ್ಚೆಗೆ ಬರುವುದೇ ಕಡಿಮೆ. ಸಂವಿಧಾನದ 285ನೆಯ ವಿಧಿಯಂತೆ ಕೇಂದ್ರದ ಆಸ್ತಿಗೆ ಸ್ಥಳೀಯ ತೆರಿಗೆಯಿಂದ ವಿನಾಯಿತಿಯಿದೆ. ಸಾವಿರಾರು ಎಕರೆ ಬಿಟ್ಟುಕೊಟ್ಟ ಪಂಚಾಯಿತಿಗಳಿಗೆ ಆ ನೆಲದಿಂದ ಆಸ್ತಿ ತೆರಿಗೆ ಹುಟ್ಟುವುದಿಲ್ಲ.

ಮೀನುಗಾರರ ನಷ್ಟವನ್ನು ಎಕರೆಯಲ್ಲಿ ಅಳೆಯಲಾಗದು. ರಂಪಣಿ ಬಲೆ ಎಳೆಯಲು ಉದ್ದನೆಯ ತೆರೆದ ಮರಳುದಂಡೆ ಬೇಕು, ಹತ್ತಾರು ಜನರ ಕೈ ಬೇಕು. 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳಿಂದ ರಂಪಣಿ ಆಗಲೇ ಸೊರಗಿತ್ತು ಎಂಬುದು ನಿಜ. ಬಿಣಗಾ, ಅರಗಾದ ದಂಡೆಗಳು ಮುಚ್ಚಿದಾಗ ಉಳಿದ ಅವಕಾಶವೂ ಕಿರಿದಾಯಿತು. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರಿನ ವಿಸ್ತರಣೆಯನ್ನು ಮೀನುಗಾರರು ಅಷ್ಟು ತೀವ್ರವಾಗಿ ವಿರೋಧಿಸಿದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಪಟ್ಟಣಕ್ಕೆ ಉಳಿದಿದ್ದ ಟ್ಯಾಗೋರ್ ದಂಡೆಯನ್ನೂ ಕಳೆದುಕೊಳ್ಳಲು ಅವರು ಸಿದ್ಧರಿರಲಿಲ್ಲ.

ಗೋಡೆ ತೆರೆದರೆ ಏನಾಗಬಲ್ಲದು ಎಂಬುದಕ್ಕೂ ಉದಾಹರಣೆಯಿದೆ. 2020ರಲ್ಲಿ ಕೋವಿಡ್ ಸೋಂಕು ಭಟ್ಕಳದಲ್ಲಿ ಕಾಣಿಸಿಕೊಂಡಾಗ ಜಿಲ್ಲೆಯ ಮೊದಲ ರೋಗಿಗಳಿಗೆ ಚಿಕಿತ್ಸೆ ಕೊಟ್ಟದ್ದು ನೌಕಾನೆಲೆಯ ‘ಪತಂಜಲಿ’ ಆಸ್ಪತ್ರೆ. ಗಂಭೀರ ಕಾಯಿಲೆಗೆ ಮಂಗಳೂರು, ಗೋವಾ, ಹುಬ್ಬಳ್ಳಿಗೆ ಓಡಬೇಕಾದ ಜಿಲ್ಲೆಯ ಜನರಿಗೆ ಇದು ಸಣ್ಣ ಸಂಗತಿಯಲ್ಲ.

ಸಮಾರೋಪ

ಹತ್ತಿಯ ಬಂದರು ಸೋತದ್ದು ಒಳನಾಡಿನ ಸರಕು ಅದಕ್ಕೆ ತಲುಪದ ಕಾರಣ. ನೌಕಾನೆಲೆ ಗೆದ್ದದ್ದು ಅದಕ್ಕೆ ಒಳನಾಡಿನ ಸರಕೇ ಬೇಡವಾದ ಕಾರಣ. ದೇಶದ ಭದ್ರತೆಗೆ ಈ ನೆಲೆ ಅಗತ್ಯವೆಂಬುದನ್ನು ಒಪ್ಪಿದವರೇ, ಜಿಲ್ಲೆಯ ಹೆಚ್ಚಿನ ನಿರಾಶ್ರಿತರೂ ಸೇರಿ, ಅದರ ಬೆಲೆ ಸಮನಾಗಿ ಹಂಚಿಕೆಯಾಗಿಲ್ಲ ಎನ್ನುತ್ತ ಬಂದಿದ್ದಾರೆ. ಚರಿತ್ರೆ ಅವರ ಮಾತನ್ನು ಸಮರ್ಥಿಸುತ್ತದೆ.

ಎರಡನೆಯ ಹಂತ ಪೂರ್ಣಗೊಳ್ಳುತ್ತಿರುವ ಈ ಹೊತ್ತಿನಲ್ಲಿ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ದುರಸ್ತಿ ಅಂಗಳದ ಅಪ್ರೆಂಟಿಸ್ ತರಬೇತಿಗೆ ಕಾರವಾರ, ಅಂಕೋಲಾದ ಐಟಿಐಗಳು ಮಕ್ಕಳನ್ನು ಸಜ್ಜುಗೊಳಿಸಬೇಕು. ಬಿಡಿಭಾಗ ಪೂರೈಸುವ ಸಣ್ಣ ಕೈಗಾರಿಕೆ ಜಿಲ್ಲೆಯಲ್ಲೇ ನೆಲೆಯೂರಬೇಕು. ತೆರಿಗೆಯ ಬದಲು ಸೇವಾ ಶುಲ್ಕ ಪಂಚಾಯಿತಿಗಳಿಗೆ ಸಲ್ಲಬೇಕು. ಅಲಗೇರಿಯ ರನ್‌ವೇ ನಾಗರಿಕರಿಗೂ ತೆರೆಯಬೇಕು. ಹೆದ್ದಾರಿಯ ಗುಡ್ಡಗಳು ಮಳೆಗೆ ನಿಲ್ಲುವಂತಾಗಬೇಕು. ಬಾಕಿ ಪರಿಹಾರದ ಕಡತಗಳು ಮುಗಿಯಬೇಕು. ನೆಲೆಗೆ ಜಾಗ ಬಿಟ್ಟವರ ಮೊಮ್ಮಕ್ಕಳು ಅದೇ ನೆಲೆಯಲ್ಲಿ ಹಡಗು ದುರಸ್ತಿಯ ಕುಶಲಕರ್ಮಿಗಳಾಗಿ ದುಡಿಯುವಂತಾದರೆ, 1862ರಿಂದ ಕಾರವಾರಕ್ಕೆ ಕೊಡುತ್ತ ಬಂದ ಬಂದರಿನ ಭರವಸೆ ಊರಿನವರ ಪಾಲಿಗೂ ಈಡೇರಿದಂತಾಗುತ್ತದೆ.